ಹಸಿರು ಕಲ್ಲು, ಕಪ್ಪು ಬೆಳ್ಳಿ

ಬೆಳ್ಳಿ ಯಾಕೆ ಕಪ್ಪಾಗುತ್ತದೆ ಎಂಬುದು ನಮ್ಮ ಮನೆಯಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ದಿನ ಬಾಯಿಗೆ ಸೆರಗು ತುರುಕಿಕೊಂಡು ಕೂತೆ. ಆ ನಾಲ್ಕು ದಿನದಲ್ಲಿ ನನ್ನ ನೆಗೆಣ್ಣಿಯನ್ನು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯನ್ನು, ಅವಳ ಮಗಳಿಂದ ಬಿಡಿಸಿ ತವರಿಗೆ ಅಟ್ಟುವ ತಯಾರಿ ನಡೆದಿತ್ತು. ನಾನು ಒಳ್ಳೆಯವಳೆಂದು ತೋರಿಸಲು ಬರೆಯುತ್ತಿಲ್ಲ. ನಡೆದದ್ದು ನಡೆದ ಹಾಗೆ ಇರಲಿ ಎಂದು ಬರೆಯುತ್ತಿದ್ದೇನೆ.

ಅದು ನಿಜಾಮರ ರಾಜ್ಯ. ಹೊರಗೆ ಎರಡನೇ ಲಡಾಯಿ, ಅಂದರೆ ಎರಡನೇ ಮಹಾಯುದ್ಧ, ನಡೆದಿತ್ತು. ನಮ್ಮ ಊರು ಶಹಾಬಾದಿಗೂ ವಾಡಿಗೂ ನಡುವೆ, ರೈಲು ಹಳಿಯ ಬಗಲಿಗೆ. ನಮ್ಮ ಗಂಡಸರು ಫರ್ಸಿ ಎಬ್ಬಿಸುವವರು. ನೆಲದಲ್ಲಿ ಹಾಳೆ ಹಾಳೆಯಾಗಿ ಮಲಗಿದ ಕಲ್ಲನ್ನು ಹಾರೆ ಹಾಕಿ ಎತ್ತುವ ಕೆಲಸ. ಲಡಾಯಿ ಶುರುವಾದ ಮೇಲೆ ರೈಲಿನ ಡಬ್ಬಿಗಳೆಲ್ಲ ಲಡಾಯಿ ಸಾಮಾನಿಗೆ ಹೋದವು, ಕಲ್ಲು ಒಯ್ಯಲು ಡಬ್ಬಿ ಸಿಗಲಿಲ್ಲ. ಎಬ್ಬಿಸಿದ ಫರ್ಸಿ ಅಲ್ಲೇ ಬಿದ್ದು ಅದರ ಮೇಲೆ ಹುಲ್ಲು ಬೆಳೆಯಿತು. ನನ್ನ ಗಂಡ ಕಟ್ಟಿಗೆ ಕಡಿಯಲು ಕುಂಚಾವರಂ ಕಾಡಿಗೆ ಹೋದ. ಭಾವ ವಾಡಿಯಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ತುಂಬಲು ಸೇರಿಕೊಂಡ, ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಉಳಿದವರು ಅತ್ತೆ, ನಾವಿಬ್ಬರು ಸೊಸೆಯರು, ನೆಗೆಣ್ಣಿಯ ಎರಡೂವರೆ ವರ್ಷದ ಮಗಳು.

ಆಗ ಹಳಿಯ ಪಕ್ಕದ ಹಳೆ ಸುಣ್ಣದ ಗೋದಾಮಿಗೆ ಹೈದರಾಬಾದಿನಿಂದ ಒಬ್ಬ ಸಾಹೇಬರು ಬಂದರು. ಅವರ ಹಿಂದೆ ಕೃಷ್ಣೆಯ ಆಚೆಯಿಂದ ಗೋಣಿಚೀಲಗಳಲ್ಲಿ ಕಲ್ಲು ಬಂತು. ಗಿಣಿ ಬಣ್ಣದ ಕಲ್ಲು. ಅದರಲ್ಲಿ ತಾಮ್ರ ಇದೆ, ಲಡಾಯಿಗೆ ತಾಮ್ರ ಬೇಕು, ತೆಗೆಯಲು ಬರುತ್ತದೋ ಇಲ್ಲವೋ ನೋಡಬೇಕು ಎಂದರು. ಕಲ್ಲು ಒಡೆದು ಬೀಸಿ ಹಿಟ್ಟು ಮಾಡಲು ಏಳೆಂಟು ಹೆಣ್ಣುಮಕ್ಕಳು ಬೇಕಾಗಿದ್ದರು. ಅತ್ತೆ ಮೂರು ದಿನ ಯೋಚಿಸಿ ಒಪ್ಪಿದಳು.

"ಇಬ್ರೂ ಜೋಡಿ ಹೋಗ್ರಿ, ಜೋಡಿ ಬರ್ರಿ. ಒಬ್ಬಾಕಿ ಬಾಯಿ ತೆರದ್ರ ಇನ್ನೊಬ್ಬಾಕಿ ಮುಚ್ಚಸ್ಬೇಕು."

"ಇಬ್ರೂ ತೆರದ್ರರಿ, ಅತ್ತಿ?" ಎಂದಳು ನೆಗೆಣ್ಣಿ.

"ನಾ ಬಂದು ಮುಚ್ಚತೀನಿ, ನಡಿ."

ಕೆಲಸ ಹೀಗಿತ್ತು. ಬೀಸಿದ ಕಲ್ಲಿನ ಹಿಟ್ಟನ್ನು ದೊಡ್ಡ ಕಟ್ಟಿಗೆಯ ಮರಿಗೆಯಲ್ಲಿ ನೀರಿಗೆ ಕಲಸಬೇಕು. ಅದಕ್ಕೆ ಒಂದು ಎಣ್ಣೆ ಹಾಕಿ, ಕೆಳಗಿನಿಂದ ಗಾಳಿ ಊದಿದರೆ ಬುರುಗು ಏಳುತ್ತದೆ. ಬೆಲ್ಲದ ಪಾಕ ಕುದಿಯುವಾಗ ಕಸ ಮೇಲೆ ಬರುತ್ತದಲ್ಲ, ಹಾಗೆ ತಾಮ್ರ ಇರುವ ಕಣಗಳು ಬುರುಗಿಗೆ ಅಂಟಿ ಮೇಲೆ ಬರಬೇಕು, ಬರೀ ಮಣ್ಣು ಕೆಳಗೆ ಉಳಿಯಬೇಕು. ಮೇಲಿನದನ್ನು ಹಲಗೆಯಿಂದ ಬಳಿದುಕೊಂಡರೆ ಆಯಿತು. ಆದರೆ ಈ ಹಸಿರು ಕಲ್ಲು ಬುರುಗಿಗೆ ಅಂಟುತ್ತಲೇ ಇರಲಿಲ್ಲ. ಬುರುಗು ಬರಿದೇ ಏಳುತ್ತಿತ್ತು, ಹಸಿರೆಲ್ಲ ತಳದಲ್ಲಿ.

ಸಾಹೇಬರು ಅದಕ್ಕೊಂದು ಔಷಧ ತಂದಿದ್ದರು. ಕಬ್ಬಿಣದ ಡಬ್ಬಿಯಲ್ಲಿ ಹಳೆಯ ಬೆಲ್ಲದ ಚೂರಿನ ಹಾಗೆ ಕಂದು ಕೆಂಪಾಗಿ ಇರುತ್ತಿತ್ತು. ನೀರಿಗೆ ಹಾಕಿದರೆ ಕೊಳೆತ ತತ್ತಿಯ ನಾತ. ಮೊದಲ ದಿನ ಮೂವರು ವಾಂತಿ ಮಾಡಿದರು. ಸಾಹೇಬರು ನಗುತ್ತ ತಿಳಿಸಿ ಹೇಳಿದರು.

"ನೋಡ್ರಿ ಯವ್ವಾ, ಈ ಕಲ್ಲಿಗಿ ನೀರಂದ್ರ ಭಾಳ ಮೊಹಬ್ಬತ್ ಅದ. ನೀರು ಬಿಟ್ಟು ಬುರುಗಿಗಿ ಹತ್ತಂಗಿಲ್ಲ. ಅದಕ್ಕ ನಾವು ಗಂಧಕದ ಶೇರ್ವಾನಿ ತೊಡಸ್ತೀವಿ. ಒಳಗ ಅದೇ ಕಲ್ಲು, ಮ್ಯಾಲ ಬ್ಯಾರೆ ಬಟ್ಟಿ. ಬುರುಗು ಮಳ್ಳು, ಬಟ್ಟಿ ನೋಡಿ ಹೊತ್ಕೊಂಡು ಹೋಗ್ತದ."

"ಹಂಗಂದ್ರ ನಮ್ಮೂರಾಗ ಹೆಣ್ಣು ಕೊಟ್ಟಂಗೇ ಆತಲ್ಲರಿ," ಎಂದಳು ನೆಗೆಣ್ಣಿ. ಎಲ್ಲರೂ ನಕ್ಕರು. ಅವಳ ಬಾಯಿ ಹಾಗೆಯೇ. ಅತ್ತೆಗೆ ಅದೇ ಆಗುತ್ತಿರಲಿಲ್ಲ.

ಆ ಔಷಧವನ್ನು ಸ್ವಲ್ಪ ಸ್ವಲ್ಪ ಹಾಕಬೇಕು. ಕಡಿಮೆಯಾದರೆ ಹಸಿರು ಹಸಿರಾಗಿಯೇ ಉಳಿಯುತ್ತದೆ. ಸರಿಯಾದರೆ ಕಣದ ಮೇಲ್ಮೈ ಉಳ್ಳಾಗಡ್ಡಿ ಹುರಿದ ಹಾಗೆ ಕಂದಾಗಿ ಕಪ್ಪಾಗುತ್ತದೆ, ಬುರುಗು ಹಿಡಿದುಕೊಳ್ಳುತ್ತದೆ. ಹೆಚ್ಚಾಯಿತೋ, ಎಲ್ಲ ಕೆಟ್ಟಿತು. ಶೇರ್ವಾನಿ ತೊಟ್ಟ ಕಲ್ಲೂ ಮುನಿಸಿಕೊಂಡು ತಳ ಸೇರುತ್ತದೆ. ಹೆಚ್ಚಾಯಿತೋ ಇಲ್ಲವೋ ನೋಡಲು ಸಾಹೇಬರ ಹತ್ತಿರ ಬಿಳಿ ಕಾಗದದ ಚೂರುಗಳಿದ್ದವು, ನೀರಿಗೆ ಅದ್ದಿದರೆ ಕಪ್ಪಾಗುತ್ತಿದ್ದವು. ಆ ಕಾಗದ ಮುಂಬಯಿಯಿಂದ ಬರಬೇಕು. ಲಡಾಯಿಯಲ್ಲಿ ಅದೂ ನಿಂತಿತು. ಎರಡು ವಾರ ಬರೀ ಕೆಸರು ಕಲಸಿದೆವು.

ನನ್ನ ಕಾಲುಂಗುರ ಬೆಳ್ಳಿಯದು. ಮರಿಗೆಯ ಬುಡದಲ್ಲಿ ನಿಂತಾಗ ನೀರು ಚೆಲ್ಲಿ ಅದು ಕಪ್ಪಾಗುತ್ತಿತ್ತು. ಕೆಲವು ದಿನ ಗೋಧಿ ಬಣ್ಣ, ಕೆಲವು ದಿನ ಕಾಡಿಗೆ ಬಣ್ಣ. ಕಾಡಿಗೆ ಬಣ್ಣವಾದ ದಿನ ಬುರುಗು ಬರಿದು ಬರುವುದನ್ನು ನಾನು ನೋಡಿಟ್ಟುಕೊಂಡೆ. ಒಂದು ದಿನ ಉಂಗುರ ತೆಗೆದು, ಹುಣಸೆಹಣ್ಣಿನಿಂದ ತಿಕ್ಕಿ ಬೆಳ್ಳಗೆ ಮಾಡಿ, ದಾರ ಕಟ್ಟಿ ಮರಿಗೆಗೆ ಇಳಿಬಿಟ್ಟೆ. ಒಂದರಿಂದ ಇಪ್ಪತ್ತು ಎಣಿಸಿ ಎತ್ತಿದೆ. ಕಾಡಿಗೆ. "ಹೆಚ್ಚಾಗ್ಯದರಿ, ಸಾಹೇಬ್ರ," ಎಂದೆ. ಅವರು ಹಿಟ್ಟು ಸುರಿದು ನೀರು ಹೆಚ್ಚಿಸಿದರು. ಮತ್ತೆ ಇಳಿಬಿಟ್ಟೆ. ಗೋಧಿ. ಬುರುಗು ಕಪ್ಪಗೆ ದಪ್ಪಗೆ ಎದ್ದಿತು, ಎಮ್ಮೆ ಹಾಲಿನ ಕೆನೆಯ ಹಾಗೆ. ಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಯಕ್ಕಾ, ನೋಡಿದ್ಯಾ?" ಎಂದೆ ನೆಗೆಣ್ಣಿಗೆ.

"ನೋಡ್ದೆ. ಗಂಡ ಬದುಕಿದ್ದಾಗ ಕಾಲುಂಗರ ತಗದಿದ್ದೂ ನೋಡ್ದೆ."

"ಉಂಗರ ತಗದ್ರ ಸಾಯೋ ಗಂಡ ಆಗಿದ್ರ ಅಂವ ಫರ್ಸಿ ಕೆಳಗೇ ಸಾಯ್ತಿದ್ದ."

ಅಂದಿನಿಂದ ಸಾಹೇಬರು ಔಷಧ ಹಾಕುವುದನ್ನು ನನಗೇ ಬಿಟ್ಟರು. ನಾನು ಮನೆಯಲ್ಲಿ ಕಿರಿಯ ಸೊಸೆ, ಗೋದಾಮಿನ ಶೆಡ್ಡಿನಲ್ಲಿ ಹಿರಿಯಳು. ನನಗೆ ಮೆರೆತ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನೆಗೆಣ್ಣಿಗೂ ಇದು ಮಾಡು, ಅದು ಮಾಡು ಎಂದು ಹೇಳತೊಡಗಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಲಿಂಗವಂತರು. ಇಷ್ಟಲಿಂಗವನ್ನು ಕೊರಳಲ್ಲಿ ಕಟ್ಟಿಕೊಳ್ಳುತ್ತೇವೆ. ಉಳ್ಳವರು ಅದನ್ನು ಬೆಳ್ಳಿಯ ಕರಡಿಗೆಯಲ್ಲಿ ಇಡುತ್ತಾರೆ, ಇಲ್ಲದವರು ಬಟ್ಟೆಯಲ್ಲಿ ಸುತ್ತುತ್ತಾರೆ. ನೆಗೆಣ್ಣಿಗೆ ತವರಿನಿಂದ ಬೆಳ್ಳಿಯ ಕರಡಿಗೆ ಬಂದಿತ್ತು. ಅವಳ ತವರು ಕಾಳಗಿ ಕಡೆ, ಹೊಲಮನೆ ಇದ್ದವರು. ನನ್ನದು ಬಟ್ಟೆ. ಬಂದವರ ಮುಂದೆ ಅತ್ತೆ "ನಮ್ಮ ಹಿರೀ ಸೊಸಿ ಕರಡಗಿ ನೋಡ್ರಿ" ಎನ್ನುವಾಗ ನಾನು ಒಳಗೆ ಹೋಗಿ ಒಲೆಗೆ ಕಟ್ಟಿಗೆ ತುರುಕುತ್ತಿದ್ದೆ.

ಕರಡಿಗೆಗೆ ಶೆಡ್ಡಿನ ಔಷಧದ ಗಾಳಿ ತಾಗಿ ಮಸುಕಾದಾಗಲೆಲ್ಲ ನೆಗೆಣ್ಣಿ ವಿಭೂತಿಯಿಂದ ಉಜ್ಜಿ ಹೊಳೆಯಿಸಿಕೊಳ್ಳುತ್ತಿದ್ದಳು. ಅತ್ತೆಗೆ ಗೊತ್ತಾಗದ ಹಾಗೆ.

ಔಷಧ ಕರಗಿಸಲು ಶೆಡ್ಡಿನ ಮೂಲೆಯಲ್ಲಿ ಫರ್ಸಿ ನಿಲ್ಲಿಸಿ ಗಾರೆ ಮೆತ್ತಿದ ಒಂದು ತೊಟ್ಟಿ ಇತ್ತು, ಸೊಂಟದ ಮಟ್ಟದ್ದು. ಅದರ ವಿಷಯದಲ್ಲಿ ಸಾಹೇಬರು ಮೊದಲ ದಿನವೇ ಎಚ್ಚರಿಸಿದ್ದರು.

"ಇದರ ಹಂತ್ಯಾಕ ತೇಜಾಬು ತರಬ್ಯಾಡ್ರಿ. ಅದೂ ಇದೂ ಕೂಡಿದ್ರ ವಿಷದ ಗಾಳಿ ಏಳ್ತದ. ನಿಂತ ಜಾಗಾದಾಗ ಬೀಳ್ತೀರಿ."

ತೇಜಾಬು ಎಂದರೆ ನಮಗೆ ಪತ್ತಾರ ಚಿನ್ನ ಬೆಳ್ಳಿ ತೊಳೆಯಲು ಗಾಜಿನ ಬಾಟಲಿಯಲ್ಲಿ ಇಡುವ ಸುಡುವ ಆಸಿಡ್ಡು. ಅದನ್ನು ಯಾರು ತರುತ್ತಾರೆ? ನಾವು ಹೂಂ ಎಂದೆವು, ಮರೆತೆವು.

ಕೆಲಸಕ್ಕೆ ಸೇರಿದ ಐದನೇ ತಿಂಗಳಲ್ಲಿ ಹೈದರಾಬಾದಿನಿಂದ ದೊಡ್ಡ ಅಧಿಕಾರಿ ನೋಡಲು ಬರುತ್ತಾರೆಂದು ಸುದ್ದಿ ಬಂತು. ಎಲ್ಲ ತೊಳೆಯಿರಿ ಎಂದರು ಸಾಹೇಬರು. ಅಂದು ಶನಿವಾರ, ಮಧ್ಯಾಹ್ನ. ತೊಟ್ಟಿಯ ತಳದಲ್ಲಿ ಗೇಣುದ್ದ ಔಷಧದ ಗಸಿ, ಗೋಡೆಗೆ ಹಳದಿ ಕಪ್ಪು ಹಕ್ಕಳೆ. ನೆಗೆಣ್ಣಿ ಬೂದಿ ಹಾಕಿ ತಿಕ್ಕಿದಳು, ಹೋಗಲಿಲ್ಲ. ಇಟ್ಟಂಗಿ ಪುಡಿ ಹಾಕಿದಳು, ಹೋಗಲಿಲ್ಲ.

"ತಂಗಿ, ಇದು ಏಳವಲ್ದು."

"ಹುಣಸಿಹಣ್ಣು ಹಾಕಿ ತಿಕ್ಕು ಯಕ್ಕಾ. ತಾಮ್ರದ ಕೊಡ ತಿಕ್ಕಲ್ಲೇನು ನೀ? ಬಿಸಿನೀರಾಗ ಕಿವುಚಿ ಸುರುವು, ಒಂದ ಸಲಕ್ಕ ಬಿಡ್ತದ."

ಕಾಲುಂಗುರ ತಿಕ್ಕಲು ನಾವು ಇಟ್ಟುಕೊಂಡಿದ್ದ ಹುಣಸೆಹಣ್ಣು ದೊಡ್ಡ ಉಂಡೆಯೇ ಇತ್ತು. ನಾನೇ ತೆಗೆದುಕೊಟ್ಟೆ. ನಾನೇ ಬಿಸಿನೀರು ಕಾಸಿದೆ. ಅವಳು ಕೊಡದ ತುಂಬ ಕಿವುಚಿಕೊಂಡು ತೊಟ್ಟಿಯ ಅಂಚಿಗೆ ಹೊಟ್ಟೆ ಹಚ್ಚಿ ಬಗ್ಗಿ ಸುರಿದಳು. ತಳದಲ್ಲಿ ಬುಸ್ ಎಂದು ನೊರೆ ಎದ್ದದ್ದು ಕೇಳಿಸಿತು. "ಬಿಡ್ಲಿಕತ್ತದ ತಂಗಿ, ನೀ ಹೇಳಿದ್ದು ಖರೇ," ಎಂದಳು. ನಾನು ಇನ್ನೊಂದು ಕೊಡ ನೀರಿಗೆ ಹೊರಗೆ ಹೋದೆ.

ತಿರುಗಿ ಬರುವಾಗ ನಾತ ಬಾಗಿಲಲ್ಲೇ ಮುಖಕ್ಕೆ ಹೊಡೆಯಿತು. ಎರಡು ಹೆಜ್ಜೆ ಇಟ್ಟರೆ ನಾತವೇ ಇಲ್ಲ. ಮೂಗು ಸತ್ತುಹೋಯಿತು. ಅವಳ ಅರ್ಧ ಮೈ ತೊಟ್ಟಿಯ ಒಳಗೆ, ಅರ್ಧ ಹೊರಗೆ, ಒಗೆದ ಸೀರೆ ಹರವಿದ ಹಾಗೆ ಬಿದ್ದಿತ್ತು. ನಾನು ಕೂಗಿದೆ. ಸಾಹೇಬರು ಒದ್ದೆ ಟವೆಲ್ಲು ಮುಖಕ್ಕೆ ಸುತ್ತಿಕೊಂಡು ಓಡಿ ಬಂದು, ಅವಳನ್ನು ಎರಡೂ ಕೈಯಲ್ಲಿ ಎತ್ತಿ ಹೊರಗೆ ಬೇವಿನ ಗಿಡದ ಕೆಳಗೆ ತಂದು ಹಾಕಿದರು. ನಾನೂ ತೆವಳುತ್ತ ಹೊರಗೆ ಬಂದೆ.

"ಏನ್ ಹಾಕಿದ್ರಿ? ಏನ್ ಹಾಕಿದ್ರಿ ಅದರಾಗ?"

ಬಾಗಿಲ ಹತ್ತಿರ ಹುಣಸೆಯ ನಾರು ಬಿದ್ದಿತ್ತು. ಅದನ್ನು ನೋಡಿ ಅವರು ನೆಲದ ಮೇಲೆ ಕೂತುಬಿಟ್ಟರು. "ಯಾ ಅಲ್ಲಾ. ಹುಣಸಿಹಣ್ಣೂ ತೇಜಾಬೇ ಯವ್ವಾ. ಹುಳಿ ಅಂದ್ರ ತೇಜಾಬೇ. ನಾ ಅದು ಹೇಳ್ಲಿಲ್ಲ."

ಯಾರು ಹಾಕಿದರು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸಂಜೆಗೆ ಅವಳಿಗೆ ಎಚ್ಚರವಾಯಿತು. ಕಣ್ಣು ಕೆಂಡವಾಗಿತ್ತು, ಬೆಳಕು ನೋಡಲಾರಳು, ಮಾತು ತೊದಲು. ಗಾಡಿಯಲ್ಲಿ ಮನೆಗೆ ತಂದೆವು. ಅತ್ತೆ ಮೈ ಒರೆಸಲು ಕುಪ್ಪಸ ಬಿಚ್ಚಿದಳು, ಅಲ್ಲಿಗೇ ಅವಳ ಕೈ ನಿಂತಿತು. ಕರಡಿಗೆ ಇದ್ದಿಲಾಗಿತ್ತು.

ಅತ್ತೆ ನನ್ನ ಕಡೆ ತಿರುಗಿದಳು. ನನ್ನ ಕೊರಳಿನ ಬಟ್ಟೆ ಬಟ್ಟೆಯ ಬಣ್ಣದಲ್ಲೇ ಇತ್ತು. ಇಬ್ಬರೂ ಒಂದೇ ಶೆಡ್ಡು, ಒಂದೇ ಕೆಲಸ. ಒಬ್ಬಳ ಲಿಂಗದ ಮನೆ ಮಾತ್ರ ಕಪ್ಪು.

ಹಿಂದೆಯೇ ಸುದ್ದಿ ಬಂತು. ಪರಗಂಡಸು ಅವಳನ್ನು ತೋಳಿನ ಮೇಲೆ ಹೊತ್ತು ತಂದ ಎಂದು. ಯಾಕೆ ಹೊತ್ತ ಎಂದು ಯಾರೂ ಕೇಳಲಿಲ್ಲ. ನೀರಿಗೆ ಹೋದ ಹೆಣ್ಣುಮಕ್ಕಳು ಕೊಡದ ಜೊತೆಗೆ ಆ ಮಾತನ್ನೂ ಹೊತ್ತು ಮನೆಮನೆಗೆ ಮುಟ್ಟಿಸಿದರು.

"ಬೆಳ್ಳಿ ಸುಳ್ಳು ಹೇಳಂಗಿಲ್ಲ," ಎಂದಳು ಅತ್ತೆ. "ಕೊಳ್ಳಾಗ ಶಿವ ಅದಾನ. ಅಕಿ ನಡತಿ ಕಂಡು ಮುಖ ಮುಚ್ಕೊಂಡಾನ."

ಆಗ ಹೇಳಬೇಕಿತ್ತು. ಬೆಳ್ಳಿ ಆ ಗಾಳಿಗೇ ಕಪ್ಪಾಗುತ್ತದೆ, ನನ್ನ ಕಾಲುಂಗುರವೂ ಆಗಿದೆ ಎಂದು. ಹೇಳಿದರೆ ಮುಂದಿನ ಮಾತು ಏಳುತ್ತಿತ್ತು: ಗಾಳಿ ಎದ್ದದ್ದು ಯಾಕೆ, ಹುಣಸೆ ಹಾಕು ಎಂದವರು ಯಾರು? ಆಮೇಲೆ ತವರಿಗೆ ಹೋಗುವವಳು ನಾನು. ನನ್ನ ತವರಿನಲ್ಲಿ ಒಂದು ಹೊತ್ತಿನ ರೊಟ್ಟಿಗೂ ಗತಿ ಇರಲಿಲ್ಲ. ಇನ್ನೊಂದನ್ನೂ ಬರೆಯುತ್ತೇನೆ, ಬಿಡುವುದಿಲ್ಲ: ಆ ಕರಡಿಗೆ ಕಪ್ಪಾದದ್ದು ಕಂಡು ಒಂದು ಗಳಿಗೆ ನನ್ನ ಹೊಟ್ಟೆ ತಣ್ಣಗಾಗಿತ್ತು.

ಭಾವ ಶುಕ್ರವಾರಕ್ಕೆ ಬರುವವನು. ಅವನು ಬಂದರೆ ಹೆಂಡತಿಯ ಮುಖ ನೋಡಿ ಮೆತ್ತಗಾಗುತ್ತಾನೆ, ಅದಕ್ಕೂ ಮೊದಲೇ ಕಳಿಸಬೇಕು ಎಂಬುದು ಅತ್ತೆಯ ಎಣಿಕೆ. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಮಂಗಳವಾರ ಹೆಣ್ಣುಮಗಳನ್ನು ಮನೆಯಿಂದ ಕಳಿಸುವುದಿಲ್ಲ. ಹೊರಗೆ ಹಾಕುವುದಕ್ಕೂ ವಾರ ನೋಡಿದಳು. ಬುಧವಾರ ಬೆಳಿಗ್ಗೆ ಕಾಳಗಿಗೆ ಗಾಡಿ. ಮಗಳು ನಮ್ಮ ಮನೆತನದ್ದು, ಅದು ಇಲ್ಲೇ ಇರಬೇಕು.

ನೆಗೆಣ್ಣಿ ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಒದ್ದೆ ಅರಿವೆ ಹಾಕಿಕೊಂಡು ಮಲಗಿದ್ದಳು. ಮಗು ಹೊಸ್ತಿಲಲ್ಲಿ ನಿಂತು "ಯವ್ವಾ, ಏಳು" ಎನ್ನುತ್ತಿತ್ತು. ಸೋಮವಾರ ಅವಳು ಪೂಜೆಗೆ ಎದ್ದು ಕೂತರೆ, ಅತ್ತೆ ಅವಳ ಮುಂದಿದ್ದ ಪೂಜೆಯ ನೀರಿನ ತಂಬಿಗೆ ಎತ್ತಿಕೊಂಡು ಹೋದಳು. ನೆಗೆಣ್ಣಿ ನನ್ನನ್ನು ಒಂದೇ ಮಾತು ಕೇಳಿದಳು.

"ತಂಗಿ, ಕೂಸು ರಾತ್ರಿ ಮಗ್ಗಲಿಗಿ ಯಾರೂ ಇಲ್ದಿದ್ರ ಚಿಟ್ಟನ ಚೀರ್ತದ. ನೀ ಮಲಗ್ತೀಯಲ್ಲಾ?"

ನಾನು ಹೂಂ ಎಂದೆ.

ಬುಧವಾರ ಹೊತ್ತು ಏರುವಾಗ ಗಾಡಿ ಹೂಡಿ ಬಾಗಿಲಿಗೆ ನಿಲ್ಲಿಸಿದರು. ನೆರೆಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂತಿದ್ದರು. ನೆಗೆಣ್ಣಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮಗು ಅವಳ ನಿರಿಗೆ ಹಿಡಿದಿತ್ತು, ಅತ್ತೆ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಸಣ್ಣ ಬೆರಳು, ಬಿಡಿಸಿದರೆ ಮತ್ತೆ ಹಿಡಿಯುತ್ತಿತ್ತು. ನನಗೆ ನೋಡಲಾಗಲಿಲ್ಲ. ಹಿಂದಿನ ಬಾಗಿಲಿನಿಂದ ಓಡಿದೆ.

ಶೆಡ್ಡು ಹತ್ತಿರವೇ. ಸಾಹೇಬರು ಸಾಮಾನು ಕಟ್ಟುತ್ತಿದ್ದರು. ಏನೂ ಕೇಳದೆ ಔಷಧದ ನೀರು ಒಂದು ಮಡಕೆಗೆ ಬಗ್ಗಿಸಿಕೊಂಡು ತಿರುಗಿ ಓಡಿಬಂದೆ. ಅವಳನ್ನು ಆಗಲೇ ಗಾಡಿಗೆ ಹತ್ತಿಸಿದ್ದರು. ಮಡಕೆಯನ್ನು ಅತ್ತೆಯ ಮುಂದೆ ಇಟ್ಟೆ.

"ಏನಿದು ಹೊಲಸು?"

"ಶೆಡ್ಡಿನ ನೀರರಿ, ಅತ್ತಿ. ಇದರಾಗ ಬೆಳ್ಳಿ ಹಾಕಿದ್ರ ಯಾರದೇ ಆಗ್ಲಿ ಕರ್ರಗಾಗ್ತದ. ನಡತಿ ಪಡತಿ ಏನೂ ಇಲ್ಲ. ನೋಡ್ರಿ," ಎಂದು ಕಾಲುಂಗುರ ತೆಗೆದು ಹಾಕಿದೆ, ಎತ್ತಿದೆ. ಕಪ್ಪು.

"ನಿನ್ನ ಉಂಗರ ನಿನ್ನಂಗೇ ಇರ್ತದ," ಎಂದಳು ಅತ್ತೆ. "ನೀವಿಬ್ರೂ ಒಂದೇ ಗೊಬ್ಬರದ ಹುಳ."

ಕಟ್ಟೆಯ ಮೇಲಿನವರು ನಕ್ಕರು. ನನಗೆ ಸಿಟ್ಟು ಬಂತು.

"ಹಂಗಾದ್ರ ನಿಮ್ದು ಹಾಕ್ರಿ. ನಿಮ್ಮ ನಡತಿ ಮ್ಯಾಲ ಭರೋಸಾ ಇಲ್ಲೇನು?"

ಸೊಸೆಯಾದವಳು ಹಾಗೆ ಅನ್ನಬಾರದು. ಎಲ್ಲರ ನಗು ನಿಂತಿತು. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹದಿನಾರಕ್ಕೆ ಆ ಮನೆಗೆ ಬಂದು, ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ತಲೆ ತಗ್ಗಿಸದೆ ಬಾಳಿದವಳು ಅವಳು. ಅವಳ ಬಲಗೈಯಲ್ಲಿ ಅವರಪ್ಪ ಹಾಕಿದ ಬೆಳ್ಳಿ ಕಡಗ ಒಂದಿತ್ತು. ಮುಂಗೈಗೆ ಎಣ್ಣೆ ಹಚ್ಚಿದ ಹಾಗೆ ಸರಕ್ಕನೆ ಕಡಗ ತೆಗೆದಳು.

"ನಂದು ಊರಿಗೇ ಗೊತ್ತದ. ನೋಡೇ ಬಿಡೋಣು," ಎಂದು ಮಡಕೆಗೆ ಹಾಕಿದಳು.

ನಾನು ಮನಸ್ಸಿನಲ್ಲಿ ಇಪ್ಪತ್ತು ಎಣಿಸಿದೆ, ಇನ್ನೊಂದು ಇಪ್ಪತ್ತು ಎಣಿಸಿದೆ. ಅತ್ತೆ ಕೈ ಹಾಕಿ ಕಡಗ ಎತ್ತಿದಳು. ಬಾಣಲೆಯ ತಳವೂ ಅಷ್ಟು ಕಪ್ಪು ಇರುವುದಿಲ್ಲ. ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ಮತ್ತೆ ಒರೆಸಿದಳು. ಕಟ್ಟೆಯ ಮೇಲಿನ ಹೆಣ್ಣುಮಕ್ಕಳಲ್ಲಿ ಒಬ್ಬಳು ತನ್ನ ಕಾಲುಂಗುರವನ್ನು ಸೀರೆಯ ಒಳಗೆ ಎಳೆದುಕೊಂಡಳು.

ಅತ್ತೆ ಸೋತವಳ ಹಾಗೆ ಇರಲಿಲ್ಲ. ಕಡಗವನ್ನು ಕೈಗೇ ಹಾಕಿಕೊಂಡಳು. ಆಮೇಲೆ ಗಾಡಿಯ ಕಡೆ ತಿರುಗಿ ಕೇಳಿದಳು.

"ಐದು ತಿಂಗಳು ದಿನಾ ಹೋಗಿ ಬಂದಾಕಿ ನೀ. ಅವತ್ತೇ ಯಾಕ ಬಿದ್ದಿ?"

ನಾನು ಹೆದರಿದ್ದ ಮಾತು ಅದೇ. ಮಡಕೆ ನನ್ನ ಕಾಲ ಹತ್ತಿರ ಇತ್ತು. ಬಾಯಿ ತೆರೆದೆ. ತೆರೆದೆನೋ, ತೆರೆದೆ ಎಂದು ಈಗ ಅಂದುಕೊಳ್ಳುತ್ತಿದ್ದೇನೋ, ಗೊತ್ತಿಲ್ಲ.

ಗಾಡಿಯ ಮೇಲಿಂದ ನೆಗೆಣ್ಣಿ ಹೇಳಿದಳು. "ಹುಣಸಿಹಣ್ಣಿನ ನೀರು ಹಾಕಿ ತಿಕ್ಕಿದ್ನರಿ. ಅದು ಹಾಕಬಾರದಂತ. ನಂಗ ಗೊತ್ತಿರಲಿಲ್ಲ."

"ಯಾರು ಹೇಳಿದ್ರು ಹಾಕಂತ?"

"ಯಾರೂ ಇಲ್ರಿ. ನಂದೇ ಬುದ್ಧಿ."

ಅವಳ ಕಣ್ಣು ಇನ್ನೂ ಅರಿವೆಯ ಕೆಳಗೆ ಇದ್ದವು. ನಾನು ಎಲ್ಲಿ ನಿಂತಿದ್ದೇನೆ ಎಂದು ಅವಳಿಗೆ ಕಾಣುವಂತಿರಲಿಲ್ಲ. ನಾನು ಸುಮ್ಮನೆ ನಿಂತೆ.

"ಬುದ್ಧಿಗೇಡಿ," ಎಂದಳು ಅತ್ತೆ. "ಇಳಿ ಕೆಳಗ. ಕೂಸು ಚೀರಿ ಚೀರಿ ಸಾಯ್ಲಿಕತ್ತದ."

ಎತ್ತು ಬಿಚ್ಚಿದರು.

ಅಧಿಕಾರಿ ಬರಲೇ ಇಲ್ಲ. ಶೆಡ್ಡು ಮುಚ್ಚಿತು, ಉಳಿದ ಹಸಿರು ಕಲ್ಲು ಹಳಿಯ ಪಕ್ಕ ಬಿದ್ದಿತ್ತು, ಹುಡುಗರು ಎತ್ತಿಕೊಂಡು ಆಡಿದರು. ನೆಗೆಣ್ಣಿಯ ಕಣ್ಣು ಹದಿನೈದು ದಿನಕ್ಕೆ ಸರಿಯಾದವು. ಮೂಗು ಮಾತ್ರ ತಿರುಗಿ ಬರಲಿಲ್ಲ. ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ, ಮೊಸರು ಕೆಟ್ಟರೂ ತಿಳಿಯುತ್ತಿರಲಿಲ್ಲ. "ನೋಡು ತಂಗಿ, ಇದು ಕೆಟ್ಟದೇನು?" ಎಂದು ನನ್ನ ಮೂಗಿನ ಕೆಳಗೆ ಪಾತ್ರೆ ಹಿಡಿಯುತ್ತಿದ್ದಳು. ಒಂದೇ ಅಡಿಗೆಮನೆಯಲ್ಲಿ ಮೂವತ್ತು ವರ್ಷ ಮೂಸಿ ನೋಡಿದೆ. ಒಂದು ದಿನವೂ ಅವಳು ಹುಣಸೆಹಣ್ಣಿನ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಅತ್ತೆ ತೀರಿಹೋದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಜೋಳ ಹಸನು ಮಾಡುತ್ತ ಕೂತಿದ್ದೆವು. ನಾನೇ ಬಾಯಿ ಬಿಟ್ಟೆ.

"ಯಕ್ಕಾ, ಅವತ್ತ ನಾ ಹೇಳಬೇಕಾಗಿತ್ತು."

"ಹೂಂ. ಹೇಳಬೇಕಾಗಿತ್ತು." ಮೊರ ಕೇರುವುದನ್ನು ಅವಳು ನಿಲ್ಲಿಸಲಿಲ್ಲ.

"ನೀ ಯಾಕ ನನ್ನ ಹೆಸರು ಹೇಳ್ಲಿಲ್ಲ?"

"ನಿನ್ನ ಮ್ಯಾಲ ಕರುಣಾ ಬಂತು ಅನ್ಕೊಂಡಿಯೇನು?" ಎಂದಳು. "ನಿನ್ನ ಹೆಸರು ಅಂದ್ರ ಮತ್ತ ಜಗಳ, ಮತ್ತ ಪಂಚಾಯ್ತಿ. ಎತ್ತು ಇನ್ನಾ ಗಾಡಿಗೇ ಇದ್ವು. ನಂಗ ಅವು ಬಿಚ್ಚಬೇಕಾಗಿತ್ತು, ಅಷ್ಟೇ."

ಮೊರದಲ್ಲಿದ್ದ ಕಲ್ಲು ಆರಿಸಿ ಅಂಗಳಕ್ಕೆ ಒಗೆದಳು. ನಾನು ನನ್ನ ಮೊರ ಎತ್ತಿಕೊಂಡೆ. ಆ ಮೇಲೆ ನಾವು ಆ ಮಾತು ಆಡಲಿಲ್ಲ.